ಚೋಮನ ಕನಸು, ಕೋರನ ಕೂಲಿ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕುರಿತ ವಿಮರ್ಶೆಯಲ್ಲಿ ‘ಚೋಮನ ಕನಸು’ ಎಂಬ ಮಾತು ಎಷ್ಟು ಸವೆದಿದೆಯೆಂದರೆ, ಅದನ್ನು ಕನಸೆಂದು ಕರೆದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಚೋಮನಿಗೆ ಬೇಸಾಯ ಗೊತ್ತು. ಒಡೆಯರ ಗದ್ದೆಯಲ್ಲಿ ದುಡಿದೇ ಅವನು ಮುದುಕನಾದವನು. ಅವನ ಬಳಿ ಒಂದು ಜೋಡಿ ಎತ್ತುಗಳೂ ಇವೆ. ಇಲ್ಲದಿರುವುದು ಗದ್ದೆಯೊಂದೇ. ಅದನ್ನು ತಡೆದಿರುವುದು ಅಸ್ಪೃಶ್ಯನು ಬೇಸಾಯಗಾರನಾಗಕೂಡದೆಂಬ ಕಟ್ಟಳೆ. ಸಂಕಪ್ಪಯ್ಯನ ಮನಸ್ಸು ತುಸು ಸಡಿಲವಾದರೂ ತಾಯಿಯ ವಿರೋಧ ಅದನ್ನು ಮತ್ತೆ ಬಿಗಿಯುತ್ತದೆ. ಅನುಮತಿಯಷ್ಟೇ ಬೇಕಾಗಿದ್ದ ಬೇಡಿಕೆಯನ್ನು ಕನಸೆನ್ನುವುದು, ಗೊತ್ತಿಲ್ಲದೆಯೇ, ಒಡೆಯನ ಜಗಲಿಯಲ್ಲಿ ಕುಳಿತು ಓದಿದಂತೆ.

ಕಾದಂಬರಿ ಬಂದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅದು ಕೇರಳಕ್ಕೆ ಸೇರಿದ್ದು 1956ರಲ್ಲಿ. ಎರಡೂ ಭಾಷೆ ಬಲ್ಲ ಅಲ್ಲಿನ ಓದುಗರಿಗೆ ತಕಳಿ ಶಿವಶಂಕರ ಪಿಳ್ಳೆಯವರ ‘ರಂಡಿಡಂಗಳಿ’ (1948) ಸಹಜವಾಗಿಯೇ ನೆನಪಾಗುತ್ತದೆ. ಎರಡು ಅಳತೆ ಅಕ್ಕಿಯೆಂಬ ಅರ್ಥದ ಆ ಹೆಸರಿನಲ್ಲೇ ಕೂಲಿಯ ಲೆಕ್ಕವಿದೆ. ಕುಟ್ಟನಾಡಿನ ಪುಲಯ ಆಳು ಕೋರನ್ ಸಂಘಟನೆಯತ್ತ ನಡೆಯುತ್ತಾನೆ. ಚೋಮನಲ್ಲಿ ಏಕವಚನವಾಗಿದ್ದ ಆಸೆ ಇಲ್ಲಿ ಬಹುವಚನವಾಗುತ್ತದೆ. ಇದನ್ನೇ ಹಿಡಿದು ಕಾರಂತರಲ್ಲಿ ನಿರಾಶೆಯನ್ನೂ ತಕಳಿಯವರಲ್ಲಿ ಭರವಸೆಯನ್ನೂ ಕಾಣುವುದು ಸುಲಭ, ಅತಿ ಸುಲಭ.

ಮುಂದಿನ ಚರಿತ್ರೆ ಈ ಶ್ರೇಣೀಕರಣವನ್ನು ಒಪ್ಪುವುದಿಲ್ಲ. ಕೇರಳದಲ್ಲಿ 1970ರಿಂದ, ಕರ್ನಾಟಕದಲ್ಲಿ 1974ರಿಂದ ಜಾರಿಗೆ ಬಂದ ಭೂಸುಧಾರಣೆ ಮುಖ್ಯವಾಗಿ ಗೇಣಿದಾರನನ್ನು ಒಡೆಯನನ್ನಾಗಿಸಿತು. ಕೇರಳದ ಕೂಲಿಯಾಳಿಗೆ ‘ಕುಡಿಕಿಡಪ್ಪು’ ಹಕ್ಕಿನಡಿ ಸಿಕ್ಕಿದ್ದು ಗುಡಿಸಲಿದ್ದ ನೆಲ; ಪಂಚಾಯತ್ ಪ್ರದೇಶದಲ್ಲಿ ಹೆಚ್ಚೆಂದರೆ 10 ಸೆಂಟ್ಸ್. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ‘ಉಳುವವನು’ ಕಾನೂನಿನ ಕಣ್ಣಿನಲ್ಲಿ ಗೇಣಿಚೀಟಿಯವನೇ ಹೊರತು ನೇಗಿಲು ಹಿಡಿದ ಆಳಲ್ಲ. ಹೀಗೆ ನೋಡಿದರೆ ಆಳುತನದಿಂದ ಬೇಸಾಯಗಾರನ ಸ್ಥಾನಕ್ಕೆ ಏರಬೇಕೆಂಬ ಚೋಮನ ಹಟ ಮುದುಕನ ಹುಚ್ಚಲ್ಲ. ಮುಂದೆ ಕಾನೂನು ಯಾರನ್ನು ಲೆಕ್ಕಕ್ಕೆ ಹಿಡಿಯಿತೋ ಆ ಮೆಟ್ಟಿಲನ್ನೇ ಅವನು ನಾಲ್ಕು ದಶಕ ಮೊದಲು ಕೇಳಿದ್ದ.

ಆದರೆ ಈ ಸಮರ್ಥನೆಯೂ ಚೋಮನನ್ನು ಪೂರ್ತಿ ಬಿಡುಗಡೆಗೊಳಿಸದು. ಎತ್ತುಗಳನ್ನು ಮಾರಲು ಅವನ ಮನಸ್ಸು ಒಪ್ಪುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಸಾಯುತ್ತಾನೆ. ಗುರುವ ಮತಾಂತರಗೊಂಡು ಅಲ್ಲೇ ಉಳಿಯುತ್ತಾನೆ. ಕೊನೆಗೆ ಆ ಸಾಲ ತೀರುವುದು ಬೆಳ್ಳಿಯ ಮೈಯ ಬೆಲೆಗೆ. ತಂದೆಯ ಆಸೆಗೆ ದುಡಿಯ ದನಿಯನ್ನೇ ಕೊಟ್ಟ ಕಾರಂತರು ಮಗಳಿಗೆ ಅಂಥದೊಂದು ವಾದ್ಯವನ್ನು ಕೊಡಲಿಲ್ಲ. ತಕಳಿಯವರ ಚಿರುತೆಯ ಪಾಲಿಗೂ ಉಳಿಯುವುದು ಸೆರೆಮನೆಯಲ್ಲಿರುವ ಗಂಡನಿಗಾಗಿ ಕಾಯುವ ಕೆಲಸ. ಬಡವರ ಭರವಸೆಯ ಕುರಿತ ಚರ್ಚೆಯಲ್ಲಿ ಹೆಣ್ಣು ಸಾಮಾನ್ಯವಾಗಿ ಅದರ ವೆಚ್ಚದ ಕಡೆಯಲ್ಲಿರುತ್ತಾಳೆ. ದುಡಿಯ ಸದ್ದು ನಿಂತ ಮೇಲೂ ಬೆಳ್ಳಿ ಬದುಕಿರುತ್ತಾಳೆ. ಅವಳಿಗೇನು ಬೇಕಾಗಿತ್ತೆಂಬುದು ಮಾತ್ರ ಕಾದಂಬರಿಯ ಹೊರಗೇ ಉಳಿಯುತ್ತದೆ.