ಮಳೆಗಾಲಕ್ಕೊಂದು ಏರುದಾರಿ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬೈಂದೂರಿನಿಂದ ಬ್ರಹ್ಮಾವರದ ತನಕ ಬೆಳಗಿನ ನಡಿಗೆ ನಿಂತಂತೆಯೇ. ಕೋಡಿಯ ಕಡಲತೀರದಲ್ಲಿ ಗಾಳಿ ಕೊಡೆಯನ್ನು ನಿಲ್ಲಗೊಡುವುದಿಲ್ಲ. ಹೆದ್ದಾರಿ 66ರ ಅಂಚಿನಲ್ಲಿ, ಆ ಮಬ್ಬಿನಲ್ಲಿ, ನಡೆಯಿರಿ ಎಂದು ಯಾರಿಗೂ ಹೇಳಲಾರೆ. ಎಂಟು ತಿಂಗಳು ನಡೆದು ಗಳಿಸಿದ ದಮ್ಮು ಸೆಪ್ಟೆಂಬರ್ ಹೊತ್ತಿಗೆ ಕರಗಿರುತ್ತದೆ. ಕರಾವಳಿಯ ಮನೆಗೆ ಟ್ರೆಡ್‌ಮಿಲ್ ಬೇಕೆನ್ನುವುದು ಈ ನಾಲ್ಕು ತಿಂಗಳಿಗಾಗಿ.

ಹಾಗೆಂದು ಅದರ ಮೇಲೆ ಓಡಲೇಬೇಕೆಂದಿಲ್ಲ. ಹೆಚ್ಚಿನವರು ವೇಗದ ಗುಂಡಿಯನ್ನಷ್ಟೇ ಒತ್ತುತ್ತಾರೆ, ಏರಿನ ಗುಂಡಿಯನ್ನು ಮುಟ್ಟುವುದೇ ಇಲ್ಲ. ಯಂತ್ರದ ನಿಜವಾದ ರುಚಿ ಇರುವುದು ಅಲ್ಲಿ. ಹೃದಯದ ತಪಾಸಣೆಗೆ ಹೋದವರಿಗೆ ಟಿಎಂಟಿ ಎಂಬ ಟ್ರೆಡ್‌ಮಿಲ್ ಪರೀಕ್ಷೆ ಗೊತ್ತು. ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ 1960ರ ದಶಕದಲ್ಲಿ ಬಳಕೆಗೆ ತಂದ ಆ ಕ್ರಮ ಶುರುವಾಗುವುದು ಗಂಟೆಗೆ ಬರೀ 2.7 ಕಿಲೋಮೀಟರ್ ವೇಗದಲ್ಲಿ. ಆದರೆ ಏರು ಆಗಲೇ ಶೇ 10. ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಹೆಚ್ಚುತ್ತವೆ. ಮೈಭಾರವನ್ನು ಮೇಲಕ್ಕೆತ್ತುವಾಗ ನಿಧಾನ ನಡಿಗೆಯಲ್ಲೂ ಹೃದಯ ಚೆನ್ನಾಗಿ ದುಡಿಯುತ್ತದೆ, ಓಟದ ಪೆಟ್ಟು ಮೊಣಕಾಲಿಗಿಲ್ಲ.

ಲೆಕ್ಕ ಹಾಕಿ ನೋಡಿ. ಶೇ 10ರ ಏರಿನಲ್ಲಿ, ಗಂಟೆಗೆ 4 ಕಿಲೋಮೀಟರಿನಂತೆ ಅರ್ಧ ಗಂಟೆ ನಡೆದರೆ ಸುಮಾರು 200 ಮೀಟರ್ ಹತ್ತಿದಂತೆ. ಏಳು ದಿನಕ್ಕೆ 1,400. ಕೊಡಚಾದ್ರಿಯ ಎತ್ತರವೇ 1,343 ಮೀಟರ್! ಕಡಲಮಟ್ಟದಿಂದ ಅದರ ನೆತ್ತಿಯವರೆಗಿನ ಏರು ಮನೆಯೊಳಗೇ ವಾರಕ್ಕೊಮ್ಮೆ ಮುಗಿಯುತ್ತದೆ.

ಹೊಸಬರು ಮೊದಲ ವಾರ ಸಮತಟ್ಟಾಗಿಯೇ ನಡೆದು, ಆಮೇಲೆ ಒಂದೊಂದೇ ಅಂಕ ಏರಿಸಲಿ. ನಡೆಯುತ್ತ ಮಾತಾಡಲು ಉಸಿರಿರಬೇಕು, ಭಾಗವತಿಕೆಗೆ ಸಾಲಬಾರದು. ಆ ಹದ ಸಾಕು. ಹಿಡಿಕೆಗೆ ಜೋತುಬಿದ್ದರೆ ಏರಿನ ಫಲ ಅರ್ಧ ಹೋಯಿತು. ಬಿಪಿ, ಶುಗರ್ ಇದ್ದವರು, ಎದೆನೋವು ಕಂಡವರು ಮೊದಲು ವೈದ್ಯರನ್ನು ಕೇಳಲಿ.

ಕೊಳ್ಳುವಾಗ ಮೋಟಾರಿನ ಗರಿಷ್ಠ ಶಕ್ತಿಯನ್ನಲ್ಲ, ನಿರಂತರ ಶಕ್ತಿ ಎಷ್ಟೆಂದು ಕೇಳಿ. ಏರು ಗುಂಡಿಯಿಂದಲೇ ಬದಲಾಗುವಂತಿರಲಿ. ಬಗ್ಗಿ ಕೈಯಿಂದ ಬದಲಿಸಬೇಕಾದದ್ದನ್ನು ಯಾರೂ ಬದಲಿಸುವುದಿಲ್ಲ. ಹಂಚಿನ ಮನೆಯ ಮರದ ಉಪ್ಪರಿಗೆ ಅದಕ್ಕೆ ತಕ್ಕ ಜಾಗವಲ್ಲ, ಎರಚಲು ಹೊಡೆಯುವ ಜಗಲಿಯಂತೂ ಬೇಡವೇ ಬೇಡ. ಉಪ್ಪುಗಾಳಿಗೆ ಬೋಲ್ಟು, ರೋಲರು ಬೇಗ ತುಕ್ಕು ಹಿಡಿಯುತ್ತವೆ. ಒಳಕೋಣೆಯ ಗಟ್ಟಿ ನೆಲದ ಮೇಲೆ ರಬ್ಬರ್ ಹಾಸಿ ಇಡಿ. ಪಟ್ಟಿಯಡಿಗೆ ಸಿಲಿಕೋನ್ ಎಣ್ಣೆಯನ್ನೇ ಹಾಕಿ, ತೆಂಗಿನೆಣ್ಣೆ ಸಲ್ಲದು. ಗುಡುಗು ಕೇಳಿದರೆ ಪ್ಲಗ್ ಕೀಳಿ. ಸುರಕ್ಷಾ ಕೀಲಿಯ ದಾರ ಅಂಗಿಗೆ ಸಿಕ್ಕಿಸದೆ ಹತ್ತಬೇಡಿ: ಕಾಲು ಜಾರಿದರೆ ಪಟ್ಟಿಯನ್ನು ನಿಲ್ಲಿಸುವುದು ಅದೇ.

ನವರಾತ್ರಿ ಕಳೆದ ಮೇಲೆ ಮರವಂತೆಗೋ ತ್ರಾಸಿಗೋ ಧಾರಾಳ ಹೋಗಿ. ಅಲ್ಲಿ ಗಾಳಿ, ಬೆಳಕು ಎಲ್ಲ ಇದೆ, ಏರು ಮಾತ್ರ ಇಲ್ಲ. ವಾರಕ್ಕೆರಡು ದಿನ ಯಂತ್ರವನ್ನೂ ಹತ್ತಿ. ಡಿಸೆಂಬರಿನಲ್ಲಿ ಕೊಡಚಾದ್ರಿಗೆ ನಡೆದೇ ಹೋಗುವ ಮನಸ್ಸಿದ್ದವರು ಆ ಎರಡು ದಿನ ಏರನ್ನು ಶೇ 12ಕ್ಕೆ ಇಡಬಹುದು.