ದೀಪ ಹಸಿರಾಗುವ ತನಕ

ಕಾರಹುಣ್ಣಿಮೆಯ ಸಂಜೆ ಎತ್ತುಗಳು ಓಡಿ ಕರಿ ಹರಿಯುವುದನ್ನು ನೋಡಿ ಬೆಳೆದವರಿಗೆ ಡ್ರ್ಯಾಗ್ ರೇಸ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಅಗಸಿಯವರೆಗೆ ಒಂದೇ ದೌಡು. ತಿರುವಿಲ್ಲ, ಎರಡನೇ ಸುತ್ತಿಲ್ಲ. ಬಿಳಿ ಎತ್ತು ಮುಂದೆ ಬಂತೋ ಕೆಂದೆತ್ತು ಬಂತೋ ಎಂದು ದಢೇಸುಗೂರಿನ ಸುತ್ತಲಿನ ನಮ್ಮೂರುಗಳಲ್ಲಿ ವಾರಗಟ್ಟಲೆ ಮಾತಾಡುತ್ತೇವೆ. ಅದರ ಹಗ್ಗ ಹಿಡಿದು ಓಡಿದವನನ್ನು ಮರುದಿನವೇ ಮರೆಯುತ್ತೇವೆ. ಬೈಕಿನ ವಿಷಯದಲ್ಲೂ ಹಾಗೇ ಆಗಿದೆ. ಸಿಂಧನೂರಿನ ಹುಡುಗರಿಗೆ ಹಯಾಬುಸಾ ಗೊತ್ತು. ಅದರ ಮೇಲೆ ಕೂತು ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದ ಬೆಂಗಳೂರಿನ ಹೇಮಂತ್ ಮುದ್ದಪ್ಪ ಗೊತ್ತಿಲ್ಲ.

ಮಂತ್ರ ರೇಸಿಂಗ್ ತಂಡದ ಮುದ್ದಪ್ಪ ಗೆದ್ದದ್ದು ಬಹುತೇಕ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ಟ್ರ್ಯಾಕಿನಲ್ಲಿ. ಸುಮಾರು 300 ಮೀಟರ್ ದೂರ, ಎಂಟು ಸೆಕೆಂಡಿನ ಆಸುಪಾಸು ಸಮಯ. ಇಷ್ಟಕ್ಕೆ ಇಷ್ಟು ಹೆಸರೇ ಎಂದು ಕೇಳುವವರಿದ್ದಾರೆ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಈಗ ನನಗೆ ಅನಿಸುವುದು ಬೇರೆ.

ಸವಾರನ ಕೆಲಸದ ದೊಡ್ಡ ಪಾಲು ಗಾಡಿ ಕದಲುವ ಮೊದಲೇ ಮುಗಿದಿರುತ್ತದೆ. ಹಿಂದಿನ ಗಾಲಿಯನ್ನು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುತ್ತಾರಲ್ಲ, ಅದು ಬರೀ ಚಪ್ಪಾಳೆಗಲ್ಲ. ಕಾದ ರಬ್ಬರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಗೆರೆಗೆ ಬಂದು ದೀಪ ಕಾಯಬೇಕು. ಹಸಿರಿಗಿಂತ ಕೂದಲೆಳೆಯಷ್ಟು ಮುಂಚೆ ಕದಲಿದರೂ ಕೆಂಪು ಹತ್ತುತ್ತದೆ, ಆ ಓಟ ಹೋಯಿತು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಹಯಾಬುಸಾದ 1340 ಸಿಸಿ ಎಂಜಿನ್ ಮುಂದಿನ ಗಾಲಿಯನ್ನೇ ಎತ್ತಿಬಿಡುತ್ತದೆ, ಇಲ್ಲವೇ ಹಿಂದಿನದು ಜಾರುತ್ತದೆ. ಅಂಜಿ ಹಿಡಿದರೆ ಪಕ್ಕದವನು ಹೋಗಿಬಿಟ್ಟಿರುತ್ತಾನೆ. ಈ ಎರಡರ ನಡುವಿನ ಹದ ಬೆರಳಿಗೆ ಬರಬೇಕು, ಪ್ರತಿ ಸಲವೂ ಬರಬೇಕು. ಒಂದು ಸಲ ಬಂದರೆ ಅದೃಷ್ಟ ಎನ್ನಬಹುದು. ವರ್ಷದ ಮೇಲೆ ವರ್ಷ ಬಂದರೆ ಅದು ಸಾಧನೆ. ಮುದ್ದಪ್ಪನವರ ದೊಡ್ಡತನ ಇರುವುದು ಇಲ್ಲಿ. ಅವರ ವೇಗಕ್ಕಿಂತ ಅವರ ಕಾಯುವಿಕೆ ನನಗೆ ಹೆಚ್ಚು ಬೆಲೆಯುಳ್ಳದ್ದು.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. 1990ರಲ್ಲಿ ಆರಂಭವಾದ ಇರುಂಗಾಟ್ಟುಕೊಟ್ಟೈ ಟ್ರ್ಯಾಕ್ ಸುತ್ತು ಹೊಡೆಯುವ ರೇಸಿಗೆ ಕಟ್ಟಿದ್ದು, ಡ್ರ್ಯಾಗ್ ರೇಸಿಗಲ್ಲ. ಲೋಕಪ್ರಸಿದ್ಧ ಕಾಲು ಮೈಲಿ ಎಂದರೆ 402 ಮೀಟರ್. ನಮ್ಮ ಚಾಂಪಿಯನ್‌ಗಳ ಓಟ ಅದಕ್ಕಿಂತ ಮೊದಲೇ ಮುಗಿಯುತ್ತದೆ. ಬಹುತೇಕ ಒಂದೇ ಅಂಗಳದಲ್ಲಿ ಗೆಲ್ಲುತ್ತ ಹೋದವನನ್ನು ಲೋಕದ ತಕ್ಕಡಿಯಲ್ಲಿ ತೂಗುವುದು ಕಷ್ಟ. ಇದು ಸವಾರನ ತಪ್ಪಲ್ಲ, ಆದರೆ ಆತನ ಸಾಧನೆಗೆ ಬಿದ್ದಿರುವ ಮಿತಿ.

ಮಿತಿಯನ್ನು ಮೀರುವ ಮಾತು ಬಂದಾಗ ಅಮೆರಿಕದ ಡ್ರ್ಯಾಗ್ ರೇಸ್ ಚಾಲಕ ಡಾನ್ ಗಾರ್ಲಿಟ್ಸ್ ನೆನಪಾಗುತ್ತಾನೆ. 1970ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕಿನಲ್ಲಿ ಅವನ ಕಾರಿನ ಗೇರ್ ಪೆಟ್ಟಿಗೆ ಸಿಡಿದು ಬಲಪಾದದ ಒಂದು ಭಾಗವೇ ಹೋಯಿತು. ಆಗೆಲ್ಲ ಎಂಜಿನ್ ಚಾಲಕನ ಮುಂದಿರುತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲೇ ಅವನು ಎಂಜಿನ್ ಬೆನ್ನ ಹಿಂದಿರುವ ಕಾರನ್ನು ಯೋಚಿಸಿದ; 1971ರಲ್ಲಿ ಅಂಥ ಕಾರಿನಲ್ಲೇ ಗೆದ್ದು ತೋರಿಸಿದ. ಉಳಿದವರೂ ಅದೇ ದಾರಿ ಹಿಡಿದರು. ಚಾಲಕನ ಗುಣ ಗೊತ್ತಾಗುವುದು ಪದಕದಲ್ಲಲ್ಲ, ಪೆಟ್ಟು ಬಿದ್ದ ಮೇಲೆ ಅವನು ಯಂತ್ರವನ್ನು ಏನು ಮಾಡಿದ ಎಂಬುದರಲ್ಲಿ.

ಆದರೆ ನನ್ನ ಸಂಕಟ ಟ್ರ್ಯಾಕಿನದಲ್ಲ, ನಮ್ಮೂರ ರಸ್ತೆಯದು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ದುಡ್ಡಿನಲ್ಲಿ ಮಕ್ಕಳಿಗೆ ಬೈಕ್ ಬಂತು. ಸುಗ್ಗಿಯಲ್ಲಿ ಟ್ರ್ಯಾಕ್ಟರು, ಭತ್ತದ ಲಾರಿ, ಕೊಯ್ಯುವ ಯಂತ್ರ ಎಲ್ಲ ಓಡಾಡುವ ದಾರಿಯಲ್ಲೇ ಹುಡುಗರು ಜೋಡಿ ಕಟ್ಟಿ ಬಿಡುತ್ತಾರೆ. ತಲೆಗೆ ಹೆಲ್ಮೆಟ್ ಇಲ್ಲ, ಕಾಲಲ್ಲಿ ಚಪ್ಪಲಿ. ಅವರು ಕಲಿತದ್ದು ಮೊಬೈಲಿನಲ್ಲಿ ಕಂಡ ಎಂಟು ಸೆಕೆಂಡನ್ನು ಮಾತ್ರ. ಮೈತುಂಬ ತೊಟ್ಟ ಚರ್ಮದ ಉಡುಪು, ಮೋಟಾರು ಕ್ರೀಡಾ ಒಕ್ಕೂಟದ ಪರವಾನಗಿ, ಓಟಕ್ಕೆ ಮುನ್ನ ಗಾಡಿಯ ತಪಾಸಣೆ, ಗೆರೆ ದಾಟಿದ ಮೇಲೆ ನಿಲ್ಲಲು ಬೇಕಾದ ಖಾಲಿ ದಾರಿ, ಇವೊಂದೂ ಆ ತೆರೆಯಲ್ಲಿ ಕಾಣಲಿಲ್ಲ.

ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲು ಎಳೆಯುವುದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತೊಯ್ಯುತ್ತೇವೆ. ಹಾಗೆಯೇ, ಮಗನಿಗೆ ದೊಡ್ಡ ಬೈಕ್ ಕೊಡಿಸುವ ಮುನ್ನ ಒಮ್ಮೆ ಅವನನ್ನು ಇರುಂಗಾಟ್ಟುಕೊಟ್ಟೈಗೆ ಕರೆದುಕೊಂಡು ಹೋಗಿ. ಓಟಕ್ಕಿಂತ ಮೊದಲು ಗೆರೆಯ ಹಿಂದೆ ನಿಂತ ಸವಾರನ ಎಡಗೈ ಬೆರಳುಗಳನ್ನು ಅವನಿಗೆ ತೋರಿಸಿ.