ಇಂಚಿಗೆ ಎಷ್ಟು ಕುಣಿಕೆ?

ಸಿದ್ಧ ಮಾದರಿ ಎದುರಿಗಿಲ್ಲದಿದ್ದರೂ ಮೊದಲ ಸ್ವೆಟರ್ ಚೆನ್ನಾಗಿಯೇ ಬರುತ್ತದೆ. ಆದರೆ ಇಂಚಿಗೆ ಎಷ್ಟು ಕುಣಿಕೆ ಬೀಳುತ್ತಿದೆ ಎಂಬ ಲೆಕ್ಕ ಗೊತ್ತಿರದೆ ಯಾರ ಸ್ವೆಟರೂ ಮೈಗೆ ಕೂರುವುದಿಲ್ಲ. ಒಂದೇ ಉಲ್ಲನ್, ಒಂದೇ ಕಡ್ಡಿ ಕೊಟ್ಟರೂ ಅಕ್ಕನ ಹೆಣಿಗೆ ಬಿಗಿ, ತಂಗಿಯದು ಸಡಿಲ. ಹೀಗಾಗಿ ಬೇರೆಯವರ ಲೆಕ್ಕ ನಂಬುವ ಮೊದಲು ತನ್ನ ಕೈಯ ಲೆಕ್ಕ ತಿಳಿದುಕೊಳ್ಳುವುದು ಒಳ್ಳೆಯದು.

ಇದನ್ನು ಎಲಿಜಬೆತ್ ಝಿಮ್ಮರ್‌ಮನ್‌ರಷ್ಟು ಸಲೀಸಾಗಿ ಹೇಳಿಕೊಟ್ಟವರು ಕಡಿಮೆ. ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಆಕೆಯ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಪುಸ್ತಕ ಬಂದದ್ದು 1971ರಲ್ಲಿ. ಹಿಂದು, ಮುಂದು, ತೋಳುಗಳನ್ನು ಬಿಡಿಬಿಡಿಯಾಗಿ ಹೆಣೆದು ಕೊನೆಗೆ ಹೊಲಿಯುವುದು ಆಕೆಗೆ ಸೇರುತ್ತಿರಲಿಲ್ಲ. ಬಳುಕುವ ತಂತಿಯ ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತಲೂ ಹೆಣೆಯುತ್ತ ಹೋದರೆ ಪಕ್ಕದ ಹೊಲಿಗೆ ತಪ್ಪುತ್ತದೆ, ಸಾದಾ ಹೆಣಿಗೆಗೆ ಪರ್ಲ್ ಸಾಲೂ ಬೇಕಿಲ್ಲ. ಮೊದಲ ಸಲ ಹೆಣೆಯುವವರಿಗೆ ಇದಕ್ಕಿಂತ ಹಗುರವಾದ ದಾರಿ ಇನ್ನೊಂದಿಲ್ಲ.

ಮೊದಲು ಆರಿಂಚು ಚೌಕದ ಒಂದು ತುಂಡು. ಅದನ್ನು ಒಗೆದು, ಎಳೆಯದೆ ಟವೆಲ್ ಮೇಲೆ ಹರಡಿ ಒಣಗಿಸಬೇಕು. ಒಗೆದ ಮೇಲೆ ಉಲ್ಲನ್ ಬಿಚ್ಚಿಕೊಳ್ಳುತ್ತದೆ, ಆಮೇಲಿನ ಅಳತೆಯೇ ನಿಜವಾದದ್ದು. ಅಂಚು ಬಿಟ್ಟು ನಡುವೆ ಸ್ಕೇಲ್ ಇಟ್ಟು ನಾಲ್ಕು ಇಂಚಿನ ಕುಣಿಕೆ ಎಣಿಸಿ, ಕೊನೆಯ ಅರ್ಧ ಕುಣಿಕೆಯನ್ನೂ ಬಿಡದೆ ನಾಲ್ಕರಿಂದ ಭಾಗಿಸಬೇಕು. ಇಪ್ಪತ್ತು ಬಂದರೆ ಇಂಚಿಗೆ ಐದು. ಎದೆಯ ಸುತ್ತಳತೆ 36 ಇಂಚು, ಸಡಿಲಕ್ಕೆ 4 ಇಂಚು, ಒಟ್ಟು 40. ಅಲ್ಲಿಗೆ ಮೈಗೆ 200 ಕುಣಿಕೆ. ನಿಜದಲ್ಲಿ ಇಂಚಿಗೆ ನಾಲ್ಕೂವರೆಯೇ ಬೀಳುತ್ತಿದ್ದರೆ ಅದೇ 200 ಕುಣಿಕೆ 44 ಇಂಚು ದಾಟುತ್ತದೆ. ಅರ್ಧ ಕುಣಿಕೆ ತಪ್ಪಿದ್ದಕ್ಕೆ ಸ್ವೆಟರ್ ನಾಲ್ಕಿಂಚು ದೊಗಳೆ!

ಉಳಿದದ್ದೆಲ್ಲ ಈ 200ರ ಶೇಕಡಾ ಲೆಕ್ಕ, ಝಿಮ್ಮರ್‌ಮನ್‌ರ ಪ್ರಸಿದ್ಧ ಸೂತ್ರ. ಮಣಿಕಟ್ಟಿಗೆ ಶೇ 20, ಅಂದರೆ 40 ಕುಣಿಕೆ. ಅಲ್ಲಿಂದ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ತೋಳಿನ ಮೇಲ್ಭಾಗಕ್ಕೆ ಶೇ 35, ಅಂದರೆ 70. ಕಂಕುಳಲ್ಲಿ ಮೈಯಿಂದಲೂ ತೋಳಿನಿಂದಲೂ ಶೇ 8ರಂತೆ 16 ಕುಣಿಕೆ ಬದಿಗಿಟ್ಟು, ಮೂರು ಕೊಳವೆಗಳನ್ನೂ ಒಂದೇ ಕಡ್ಡಿಗೆ ಏರಿಸಿದರೆ 276 ಆಗುತ್ತದೆ. ಇದೇ ಯೋಕ್. ಅದರ ಆಳ ಸುಮಾರು ಸ್ವೆಟರಿನ ಸುತ್ತಳತೆಯ ಕಾಲುಭಾಗ, ಹತ್ತಿಂಚು. ಅರ್ಧ ಆಳದವರೆಗೆ ಹಾಗೆಯೇ ಹೆಣೆದು, ಆಮೇಲೆ ಮೂರು ಸಲ ಕುಗ್ಗಿಸಬೇಕು: ಮೊದಲು ನಾಲ್ಕರಲ್ಲೊಂದು, ಮುಂದೆ ಮೂರರಲ್ಲೊಂದು, ಕೊನೆಗೆ ಐದರಲ್ಲೆರಡು. 276 ಇಳಿದು 207, ಆಮೇಲೆ 138, ಕೊನೆಗೆ 83ರ ಆಸುಪಾಸು. ಕುತ್ತಿಗೆಗೆ ಬೇಕಾದದ್ದು ಶೇ 40, ಅಂದರೆ 80. ಈ ಹೊಂದಾಣಿಕೆಯನ್ನು ಕಾಗದದ ಮೇಲೆ ಒಮ್ಮೆ ತಾನೇ ಮಾಡಿ ನೋಡಿದವರಿಗೆ ಮಾದರಿ ಪುಸ್ತಕದ ಹಂಗು ಉಳಿಯುವುದಿಲ್ಲ.

ಕಡ್ಡಿ ಕೊಳ್ಳುವಾಗ ಒಂದು ಎಚ್ಚರ. ನಮ್ಮಲ್ಲಿ ಇನ್ನೂ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ನಂಬರಿನಲ್ಲಿ ಅಂಕಿ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ: 8 ಅಂದರೆ 4 ಮಿ.ಮೀ., 10 ಅಂದರೆ 3.25. ಉಲ್ಲನ್ ಕೂಡ ಪೂರ್ತಿ ಒಂದೇ ಲಾಟ್‌ನದು ತರಬೇಕು. ಇಲ್ಲದಿದ್ದರೆ ಒಂದೇ ಬಣ್ಣ ಬಿಸಿಲಿನಲ್ಲಿ ಎರಡಾಗಿ ಕಾಣುತ್ತದೆ.

ಕುತ್ತಿಗೆಯ ಹಿಂಭಾಗ ಮುಂಭಾಗಕ್ಕಿಂತ ಒಂದಿಂಚಾದರೂ ಎತ್ತರವಿರಬೇಕು. ಅದಕ್ಕಾಗಿ ಹಿಂದಿನ ಅರ್ಧದಲ್ಲಿ ಮಾತ್ರ ಕೆಲವು ಸಾಲು ಹೋಗಿ ಬಂದು ಹೆಣೆದರೆ ಗಂಟಲು ಒತ್ತುವುದಿಲ್ಲ. ಬೆಳೆಯುವ ಮಗುವಿಗಾದರೆ ಕುತ್ತಿಗೆಯಿಂದಲೇ ಶುರುಮಾಡಿ ಕೆಳಗಿಳಿಯುವುದು ಮೇಲು. ಬಾರ್ಬರಾ ವಾಕರ್ 1972ರಲ್ಲಿ ಈ ಕ್ರಮಕ್ಕೇ ಒಂದು ಪುಸ್ತಕ ಬರೆದರು. ಹಾಗೆ ಹೆಣೆದಾಗ ಮುಂದಿನ ವರ್ಷ ಸೊಂಟದ ಮತ್ತು ಮಣಿಕಟ್ಟಿನ ಅಂಚನ್ನಷ್ಟೇ ಬಿಚ್ಚಿ, ಎರಡಿಂಚು ಇಳಿಸಿ ಮತ್ತೆ ಮುಚ್ಚಬಹುದು.